ಹಿಡಿಯಲ್ಲಿದ್ದ ಬಿಳಿ ಕೊಬ್ಬು

ಭಾನುವಾರದ ಪೂಜೆಗೆ ಚರ್ಚಿನ ಗಂಟೆ ಬಡಿಯುತ್ತಿದ್ದಾಗ ಪೆರ್ಪೆತುವಾ ಇರಿಬೆರ್ರಿ ತನ್ನ ಗಂಡನ ಮಾಂಸದಂಗಡಿಯ ಶೀತಲ ಕೋಣೆಯ ಬಾಗಿಲು ತೆರೆದಳು. ಅವಳ ಚೀತ್ಕಾರ ಕೇಳಿ ಎದುರಿನ ಔಷಧದಂಗಡಿಯಿಂದ ಹಸಿಂತೋ ತಾರಿಗೋ ಬರಿಗಾಲಲ್ಲೇ ರಸ್ತೆ ದಾಟಿ ಓಡಿಬಂದ. ಕೊಕ್ಕೆಗಳಿಗೆ ನೇತುಹಾಕಿದ್ದ ದನದ ಮಾಂಸದ ದೊಡ್ಡ ದೊಡ್ಡ ತೊಡೆಗಳ ನಡುವೆ, ನೆಲದ ಮರದ ಹೊಟ್ಟಿನ ಮೇಲೆ, ಲಿಯಾಂದ್ರೋ ಇರಿಬೆರ್ರಿ ಮಗ್ಗುಲಾಗಿ ಬಿದ್ದಿದ್ದ. ಮೀಸೆಯ ಮೇಲೆ ಮಂಜು ಕೂತಿತ್ತು.

ಹಸಿಂತೋ ನಾಡಿ ಹಿಡಿಯಲೆಂದು ಕೈ ಮುಟ್ಟಿದವನು ತಟ್ಟನೆ ಹಿಂದೆಗೆದುಕೊಂಡ. ನಲವತ್ತು ವರ್ಷದಿಂದ ಊರಿಗೆಲ್ಲ ಮಾಂಸ ಕೊಯ್ದುಕೊಟ್ಟ ಮನುಷ್ಯ ತನ್ನ ಅಂಗಡಿಯ ಮಾಂಸದಷ್ಟೇ ತಣ್ಣಗಾಗಿದ್ದ.

"ನಾನು ಅಕ್ಕನ ಮನೆಯಿಂದ ಈಗಷ್ಟೇ ಬಂದೆ," ಪೆರ್ಪೆತುವಾ ಬಾಗಿಲಿಗೆ ಒರಗಿ ತೊದಲಿದಳು. "ಬಾಗಿಲಿಗೆ ಹೊರಗಿನಿಂದ ಗೂಟ ಹಾಕಿತ್ತು ಹಸಿಂತೋ. ಹೊರಗಿನಿಂದ! ಯಾರು ಹಾಕಿದ್ರು?"

ಹಸಿಂತೋನಿಗೆ ತನ್ನ ಮಹಡಿಯ ಬಾಡಿಗೆದಾರಳನ್ನು ಕೂಗುವುದೊಂದೇ ತೋಚಿತು. ಊರವರು ಗೌರವದಿಂದ 'ದೋನ್ಯಾ' ಎಂದು ಕರೆಯುತ್ತಿದ್ದ ಕಸಿಲ್ದಾ ಬೆರ್ರೂತಿ ರಾಜಧಾನಿ ಮೊಂತೆವಿದೇಯೋದಲ್ಲಿ ಬಹಳ ಕಾಲ ತನಿಖಾ ನ್ಯಾಯಾಧೀಶೆಯಾಗಿದ್ದು, ನಿವೃತ್ತಿಯಾದ ಮೇಲೆ ಸೆರ್ರೋ ಮಾನ್ಸೋ ಎಂಬ ಈ ಊರಿಗೆ ಬಂದು ನೆಲೆಸಿದ್ದಳು. ಊರಲ್ಲಿ ಕಳವಾದರೆ, ಕುರಿ ಕಾಣೆಯಾದರೆ, ಉಯಿಲಿನ ಜಗಳವಾದರೆ ಜನ ಠಾಣೆಗೆ ಹೋಗುವ ಮೊದಲು ಅವಳ ಮೆಟ್ಟಿಲು ಹತ್ತುತ್ತಿದ್ದರು. ಅವಳು ಹೋದಲ್ಲೆಲ್ಲ ಜೊತೆಗೆ ಹಸಿಂತೋ ಇರುತ್ತಿದ್ದ. ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು, ಕೈಯಲ್ಲಿ 'ಮಾತೆ' ಎಂಬ ಎಲೆಯ ಕಷಾಯ ಹೀರುವ ಸೋರೆಬುರುಡೆ.

ಕಸಿಲ್ದಾ ಬಂದವಳು ಮೊದಲು ಬಾಗಿಲಲ್ಲೇ ನಿಂತು ನೆಲ ನೋಡಿದಳು.

"ಯಾರೂ ಒಳಗೆ ಕಾಲಿಡಬೇಡಿ. ಹಸಿಂತೋ, ನಿನ್ನ ಬರಿಗಾಲಿನ ಗುರುತು ಬಿಟ್ಟು ಬೇರೆ ಏನು ಕಾಣ್ತಿದೆ ಹೇಳು."

"ಬೂಟಿನ ಗುರುತು ಇದೆ. ಆಮೇಲೆ ಉದ್ದಕ್ಕೆ ಒಂದು ಗೀರು. ಬಾಗಿಲಿಂದ ಅವನ ತನಕ."

"ವಾಪಸ್ಸು?"

ಹಸಿಂತೋ ಬಗ್ಗಿ ನೋಡಿದ. "ವಾಪಸ್ಸೂ ಇದೆ."

ಅಷ್ಟರಲ್ಲಿ ಇನ್ಸ್‌ಪೆಕ್ಟರ್ ಗದೆಯಾ ಹೆಗಲಿಂದ ಜಾಗ ಮಾಡಿಕೊಂಡು ನುಗ್ಗಿದ. ಹೊಟ್ಟಿನಲ್ಲಿ ಮಾಂಸ ಕೊಯ್ಯುವ ಚಾಕು ಸಾಣೆ ಹಿಡಿಯುವ ಉದ್ದನೆ ಕಬ್ಬಿಣದ ಸಲಾಕೆ ಬಿದ್ದಿತ್ತು. ಅದರ ಹಿಡಿಯ ಮೇಲೆ 'ವಾ' ಎಂದು ಕೆತ್ತಿತ್ತು. ಅಂಗಡಿಯ ಆಳು ವಾಷಿಂಗ್ಟನ್ ಒಲ್ಮೇದೋನದು.

"ಹೊರಗೆಲ್ಲೋ ಹೊಡೆದು ಹೆಣ ಎಳ್ಕೊಂಡು ಬಂದಿದ್ದಾನೆ. ಗೀರು ನೋಡಿದ್ರೆ ಗೊತ್ತಾಗಲ್ವಾ?" ಎಂದ ಗದೆಯಾ.

"ಎಳೆದಿದ್ರೆ ಲಿಯಾಂದ್ರೋನ ಎದೆಗೆ ಹೊಟ್ಟು ಮೆತ್ತಿಕೊಳ್ತಿತ್ತು. ಏಪ್ರನ್ ಎಷ್ಟು ಸ್ವಚ್ಛ ಇದೆ ನೋಡು. ಅವನು ನಿಂತಲ್ಲೇ ಬಿದ್ದಿದ್ದಾನೆ," ಎಂದಳು ಕಸಿಲ್ದಾ. ಮಂಡಿಯೂರಿ ಸತ್ತವನ ಬಲಗೈ ಮುಷ್ಟಿಯನ್ನು ಮೆಲ್ಲಗೆ ಬಿಡಿಸಿದಳು. ಮುಷ್ಟಿಯೊಳಗೆ ಅಂಗೈಯಗಲದ ಒಂದು ಕೊಬ್ಬಿನ ತುಂಡಿತ್ತು. ಮೇಣದಬತ್ತಿಯಂತೆ ಬೆಳ್ಳಗಿತ್ತು. ಪಕ್ಕದಲ್ಲಿ ತೂಗುತ್ತಿದ್ದ ತೊಡೆಯಿಂದ ಅದನ್ನು ಕೊಯ್ದಿದ್ದ ಗುರುತು ಕಾಣುತ್ತಿತ್ತು.

"ಕೊಲ್ಲೋಕೆ ಬಂದವನ ಎದುರು ಮನುಷ್ಯ ಕೊಬ್ಬು ಯಾಕೆ ಹಿಡ್ಕೊಂಡು ನಿಲ್ತಾನೆ?" ಎಂದು ಅವಳು ತನ್ನಷ್ಟಕ್ಕೆ ಕೇಳಿಕೊಂಡಳು.

ಗದೆಯಾನಿಗೆ ಅದರ ಗೊಡವೆ ಬೇಕಿರಲಿಲ್ಲ. ಶನಿವಾರ ಬೆಳಿಗ್ಗೆ ಲಿಯಾಂದ್ರೋ ಬಂದ ಗಿರಾಕಿಗಳನ್ನೆಲ್ಲ ವಾಪಸು ಕಳಿಸಿ, ಕಾರಣ ಹೇಳದೆ ಅಂಗಡಿ ಮುಚ್ಚಿದ್ದ. ಆಮೇಲೆ ಆಳಿನ ಮೇಲೆ ಹರಿಹಾಯ್ದದ್ದನ್ನು ಅರ್ಧ ಬೀದಿ ಕೇಳಿಸಿಕೊಂಡಿತ್ತು. "ಎರಡು ವರ್ಷ! ನಿನಗೆ ಕಣ್ಣಿತ್ತಲ್ಲೋ ದರಿದ್ರದವನೇ, ಒಂದು ಮಾತು ಹೇಳಬಾರದಿತ್ತಾ?" ಎಂದು ಕೂಗಿದ್ದನಂತೆ. ಅಂಗಡಿಯ ಇನ್ನೊಂದು ಬೀಗದಕೈ ಇದ್ದದ್ದು ವಾಷಿಂಗ್ಟನ್ ಬಳಿ. ಮಧ್ಯಾಹ್ನದೊಳಗೆ ಅವನ ಕೈಗೆ ಕೋಳ ಬಿತ್ತು.

"ಯಾಕೆ ಬೈದ ಅಂತ ನನಗೆ ದೇವರಾಣೆ ಗೊತ್ತಿಲ್ಲ ದೋನ್ಯಾ!" ಜೀಪು ಹತ್ತುವಾಗ ವಾಷಿಂಗ್ಟನ್ ಕಿರುಚಿದ. ನಲವತ್ತು ದಾಟಿದ ಮನುಷ್ಯ ಮಗುವಿನಂತೆ ಅಳುತ್ತಿದ್ದ. "ಮೊಂತೆವಿದೇಯೋದಲ್ಲಿ ಬಸ್ಸಲ್ಲಿ ಟಿಕೆಟ್ ಹರೀತಿದ್ದವನು ನಾನು. ಅವನಿಗೆ ಕಣ್ಣು ಮಂಜಾಯ್ತು ಅಂತ ಎರಡು ವರ್ಷದ ಹಿಂದೆ ಕರೆಸಿಕೊಂಡ. ಮಾಂಸದ ಕೆಲಸ ಎಲ್ಲಾ ಕಲಿತಿದ್ದೇ ಅವನ ಹತ್ರ!"

ಊರು ಮಾತ್ರ ಇನ್ನೊಬ್ಬನ ಹೆಸರು ಹೇಳುತ್ತಿತ್ತು. ಊರಾಚೆ ದೊಡ್ಡ ಕೊಟ್ಟಿಗೆ ಕಟ್ಟಿ, ದನಗಳನ್ನು ಒತ್ತೊತ್ತಾಗಿ ನಿಲ್ಲಿಸಿ, ಜೋಳ ತಿನ್ನಿಸಿ ಕೊಬ್ಬಿಸುವ ಬ್ರೌಲಿಯೋ ಝುನೀನೋ ಆ ಇನ್ನೊಬ್ಬ. ಲಿಯಾಂದ್ರೋನಿಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ. 'ಗೊರೋಸ್ತಿ ಹುಲ್ಲುಗಾವಲಿನ ಮಾಂಸ ಮಾತ್ರ' ಎಂದು ಅಂಗಡಿಯ ಮೇಲೆ ಬರೆಸಿದ್ದು ಅವನನ್ನು ಚುಚ್ಚುವುದಕ್ಕೇ. ಬಯಲಲ್ಲಿ ನಾಲ್ಕು ಹೆಜ್ಜೆ ನಡೆಯದ ದನ ದನವೇ ಅಲ್ಲ ಎಂದು ಲಿಯಾಂದ್ರೋ ಸಂತೆಯ ನಡುವೆಯೇ ಅವನನ್ನು ಹೀಯಾಳಿಸಿದ್ದ. ಶುಕ್ರವಾರ ಅದೇ ಲಿಯಾಂದ್ರೋ ಝುನೀನೋನ ಗೇಟಿನಲ್ಲಿ ನಿಂತಿದ್ದನ್ನು ಜನ ಕಂಡಿದ್ದರು.

ಫೆರ್ಮೀನ್ ಗೊರೋಸ್ತಿಯ ಟ್ರಕ್ಕು ಬಂದು ಅಂಗಡಿಯ ಹೊಸ್ತಿಲಿಗೆ ತಾಗಿದಂತೆ ನಿಂತಾಗ ಹಸಿಂತೋನಿಗೆ ದುಃಖ ಉಕ್ಕಿಬಂತು. ಆ ಹುಲ್ಲುಗಾವಲಿನ ಒಡೆಯ ಫೆರ್ಮೀನ್ ಲಿಯಾಂದ್ರೋನ ಬಾಲ್ಯದ ಗೆಳೆಯ; ಹಸಿಂತೋನ ಮಗಳಿಗೆ ಜ್ಞಾನಸ್ನಾನದ ತಂದೆ. ಇಳಿಯುತ್ತಲೇ ಅವನು ಹಸಿಂತೋನ ಕತ್ತಿಗೆ ತೋಳು ಹಾಕಿ, ಮೈಭಾರವನ್ನೆಲ್ಲ ಅವನ ಮೇಲೆ ಬಿಟ್ಟು ಬಿಕ್ಕಿದ. ಬೆಂಚಿನವರೆಗೆ ಅವನನ್ನು ತಲುಪಿಸುವಷ್ಟರಲ್ಲಿ ಹಸಿಂತೋನ ಹೆಗಲು ಬಿದ್ದುಹೋಗುವಂತಾಯಿತು.

"ನನ್ನ ತಮ್ಮನಂಗಿದ್ದ ಕಣೋ," ಎಂದ ಫೆರ್ಮೀನ್. "ಕಣ್ಣಿನ ಆಪರೇಷನ್ ಆದ್ಮೇಲೆ ಬಂದು ನೋಡಬೇಕು ಅಂದ್ಕೊಂಡಿದ್ದೆ. ಬರ್ಲಿಲ್ಲ. ಪಾಪಿ ನಾನು."

ಸಾವಿನ ಮನೆಯಲ್ಲಿ ಕಸಿಲ್ದಾ ಕೇಳಿದ ಮೊದಲ ಮಾತಿಗೆ ಹಸಿಂತೋ ನಾಚಿ ತಲೆತಗ್ಗಿಸಿದ. "ಪೆರ್ಪೆತುವಾ, ಕರಿದ ರೊಟ್ಟಿ ಇದ್ರೆ ಒಂದು ಕೊಡ್ತೀಯಾ?" ಎಂದಿದ್ದಳು.

ಹೆಂಗಸು ಬೇಸರಿಸಲಿಲ್ಲ. ಕೈಗೊಂದು ಕೆಲಸ ಸಿಕ್ಕಿದ್ದೇ ಅವಳಿಗೆ ಸಮಾಧಾನವಾದಂತಿತ್ತು. ಕೊಬ್ಬಿನ ಡಬ್ಬಿ ತೆಗೆದು ಬಾಣಲೆಗೆ ಹಾಕಿದಳು. "ಮುಂಚೆ ಅರಿಶಿನ ಕಲಸಿದಂಗಿರ್ತಿತ್ತು. ಈಗೀಗ ಹಾಲಿನಂಗೆ ಶುಭ್ರವಾಗಿ ಬರುತ್ತೆ," ಎಂದು ಹೆಮ್ಮೆಯಿಂದಲೇ ಹೇಳಿದಳು. ಆಮೇಲೆ ತಾನಾಗಿ ಗಂಡನ ಮಾತು ತೆಗೆದಳು. "ಗುರುವಾರ ಕಣ್ಣಿನ ಪಟ್ಟಿ ಬಿಚ್ಚಿದ್ರು. ಪೊರೆ ಬೆಳೆದು ಬೆಳೆದು ಅವನಿಗೆ ಲೋಕವೆಲ್ಲ ಲಾಟೀನು ಬೆಳಕಲ್ಲಿ ನೋಡಿದಂಗೆ ಹಳದಿಯಾಗಿತ್ತಂತೆ. ಏಪ್ರನ್ ಸರಿಯಾಗಿ ಒಗೆಯಲ್ಲ ಅಂತ ಎಷ್ಟು ಬೈಸ್ಕೊಂಡಿದ್ದೀನಿ! ಪಟ್ಟಿ ಬಿಚ್ಚಿದ್ಮೇಲೆ ಅದನ್ನ ಮುಖಕ್ಕೆ ಒತ್ತಿಕೊಂಡು, 'ಇಷ್ಟು ಬೆಳ್ಳಗಿತ್ತೇನೇ ಇದು?' ಅಂತ ನಕ್ಕ. 'ನಿನ್ನ ತಲೆಯೂ ಬೆಳ್ಳಗಾಗಿದೆಯಲ್ಲೇ ಮುದುಕಿ' ಅಂದ. ಶುಕ್ರವಾರ ಅಂಗಡಿಗೆ ಹೋಗಿ ಬಂದವನು ಮಾತ್ರ ಮಾತೇ ಆಡಲಿಲ್ಲ."

ಝುನೀನೋ ಕೊಟ್ಟಿಗೆಯ ಗೇಟಿನಲ್ಲೇ ಅವರನ್ನು ತಡೆದ.

"ನಾನೇ ಕೊಂದ್ನಾ ಅಂತ ಕೇಳೋಕೆ ಬಂದ್ರಾ? ಊರೆಲ್ಲಾ ಅದೇ ಹೇಳ್ತಿದೆ."

"ಶುಕ್ರವಾರ ಅವನು ಬಂದು ಏನು ಹೇಳಿದ?" ಎಂದಳು ಕಸಿಲ್ದಾ.

ಝುನೀನೋ ಟೋಪಿ ತಿರುಗಿಸುತ್ತ ನಿಂತ. "ಜಗಳಕ್ಕೇ ಬಂದ ಅಂದ್ಕೊಂಡೆ. ನಿನ್ನ ದನ ಯಾರು ಕೊಳ್ತಾರೆ ಅಂದ. ದಲ್ಲಾಳಿ ಕೊಳ್ತಾನೆ, ಆಮೇಲೆ ಎಲ್ಲಿಗೆ ಹೋಗ್ತವೋ ನನಗೇನು ಗೊತ್ತು ಅಂದೆ. ಆಗ ಅವನು ಟೋಪಿ ತೆಗೆದ ದೋನ್ಯಾ. 'ನಿನ್ನನ್ನ ಬೈದಿದ್ದಕ್ಕೆ ಕ್ಷಮಿಸು' ಅಂದುಬಿಟ್ಟು ಹೋದ. ನನಗಂತೂ ತಲೆಬುಡ ಅರ್ಥ ಆಗ್ಲಿಲ್ಲ. ಹೇಳಿದ್ರೆ ಯಾರು ನಂಬ್ತಾರೆ?"

"ನಾನು ನಂಬ್ತೀನಿ," ಎಂದು ಕಸಿಲ್ದಾ ಕಾರಿನ ಕಡೆ ತಿರುಗಿದಳು.

ಅಲ್ಲಿಂದ ಅವರು ಫೆರ್ಮೀನನ ಹುಲ್ಲುಗಾವಲಿಗೆ ಹೋದರು. ಅವನಿನ್ನೂ ಪೆರ್ಪೆತುವಾಳ ಜೊತೆ ಕೂತಿದ್ದ. ರಸ್ತೆಯ ಬೇಲಿಯುದ್ದಕ್ಕೆ ಕೆಲವು ಕೆಂಪು ದನಗಳು ಮೇಯುತ್ತಿದ್ದವು. ಅವುಗಳಾಚೆಗೆ ಗುಡ್ಡದವರೆಗೂ ಹುಲ್ಲು ಸೊಂಟದೆತ್ತರ ಬೆಳೆದು, ತೆನೆ ಒಡೆದು, ಗಾಳಿಗೆ ನೀರಿನಂತೆ ಹೊರಳುತ್ತಿತ್ತು.

"ಚೆಂದ ಇದೆ ಅಲ್ವಾ?" ಎಂದಳು ಕಸಿಲ್ದಾ.

"ಇಡೀ ಜಿಲ್ಲೆಯಲ್ಲಿ ಇಂಥ ಹುಲ್ಲಿಲ್ಲ! ಪಟ್ಟಣದವರು ಫೋಟೋ ತೆಗೆಯೋಕೆ ಬರ್ತಾರೆ," ಎಂದ ಹಸಿಂತೋ.

"ಅದೇ ನನಗೆ ಭಯ."

ಹಸಿಂತೋ ಅವಳ ಮುಖ ನೋಡಿದ. ಅವಳು ಬೇಲಿ ದಾಟಿ ಆಗಲೇ ನಡೆದಿದ್ದಳು. ಒಳಗಿನ ನೀರಿನ ತೊಟ್ಟಿಯಲ್ಲಿ ಪಾಚಿ ದಪ್ಪಗೆ ಕಟ್ಟಿ ಕಪ್ಪೆಗಳು ಕೂತಿದ್ದವು. ಲಾಯದ ಗೋಡೆಗೆ ಒರಗಿಸಿದ್ದ ಕುದುರೆ ಜೀನಿಗೆ ಬೂಷ್ಟು ಹಿಡಿದಿತ್ತು. ಅದರ ಕೆಳಗೆ ಇಲಿ ಮರಿ ಹಾಕಿತ್ತು. ಫೆರ್ಮೀನನ ಕುದುರೆ ಪೀಪಾಯಿಯಂತೆ ಉಬ್ಬಿಕೊಂಡು, ಕೇಸರದ ತುಂಬ ಮುಳ್ಳುಕಾಯಿ ಮೆತ್ತಿಕೊಂಡು ಅವರತ್ತ ಓಡೋಡಿ ಬಂತು.

"ನನ್ನ ಮುಲಾಮು ಕೆಲಸ ಮಾಡಿದೆ ನೋಡಿ!" ಹಸಿಂತೋ ಹಿಗ್ಗಿದ. "ಇದರ ಮಂಡಿಗೆ ಅಂತ ಫೆರ್ಮೀನ್ ತಿಂಗಳು ತಿಂಗಳು ತರಿಸ್ಕೊಳ್ತಾನೆ. ಒಂಚೂರೂ ಕುಂಟಲ್ಲ ಈಗ."

"ಎಷ್ಟು ಕಾಲದಿಂದ ತರಿಸ್ಕೊಳ್ತಿದ್ದಾನೆ?"

"ಎರಡು ವರ್ಷ ಆಗಿರಬೇಕು."

ಕಸಿಲ್ದಾ ಕುದುರೆಯ ನಾಲ್ಕೂ ಕಾಲು ಎತ್ತಿ ನೋಡಿದಳು. ಹಿಂದಿರುಗುವ ದಾರಿಯಲ್ಲಿ ಹಸಿಂತೋ ಕೊಟ್ಟ ಮಾತೆ ಕಷಾಯ ಅವಳ ಕೈಯಲ್ಲೇ ಆರಿಹೋಯಿತು.

ಸೋಮವಾರ ಬೆಳಿಗ್ಗೆ ಜಿಲ್ಲಾಸ್ಪತ್ರೆಯಿಂದ ಹೆಣದ ಜೊತೆಗೆ ವೈದ್ಯರ ಮಾತೂ ಬಂತು. ಅದನ್ನು ಕೇಳಿ ಹಸಿಂತೋ ಕುರ್ಚಿ ಹಿಡಿದುಕೊಂಡು ಕೂತ. ಕಸಿಲ್ದಾ ಅವನಿಗೆ ನೀರು ಕೊಟ್ಟು, "ಈ ಮಾತು ಸದ್ಯಕ್ಕೆ ನಮ್ಮಿಬ್ಬರಲ್ಲೇ ಇರಲಿ," ಎಂದಳು.

ಶವಯಾತ್ರೆಗೆ ಮುಂಚೆ ಎಲ್ಲರೂ ಅಂಗಡಿಯಲ್ಲೇ ಸೇರಬೇಕೆಂದು ಅವಳು ಕೇಳಿಕೊಂಡಿದ್ದಳು. ಬೆಳ್ಳಂಬೆಳಿಗ್ಗೆಯೇ ನೆಲಕ್ಕೆಲ್ಲ ಹೊಸ ಹೊಟ್ಟು ಹರಡಿಸಿದ್ದಳು. ನಡುವೆ ಶವಪೆಟ್ಟಿಗೆ, ಅದರ ತಲೆಯ ಬದಿಗೆ ಪೆರ್ಪೆತುವಾ ಇದ್ದಳು. ಗದೆಯಾ ಕೋಳ ಹಾಕಿದ ವಾಷಿಂಗ್ಟನನನ್ನು ಕರೆತಂದಿದ್ದ. ಝುನೀನೋ ಹೊಸ್ತಿಲಾಚೆ ನಿಂತಿದ್ದ. ಒಳಗೆ ಬಾ ಎಂದು ಯಾರೂ ಅನ್ನಲಿಲ್ಲ. ಫೆರ್ಮೀನ್ ಎಲ್ಲರಿಗಿಂತ ಮೊದಲೇ ಬಂದು, ತನ್ನ ಟ್ರಕ್ಕಿನಿಂದ ಒಂದೇ ಹೆಜ್ಜೆ ದೂರದ ಕುರ್ಚಿಯಲ್ಲಿ ಕೂತಿದ್ದ. ಪೆಟ್ಟಿಗೆಗೆ ಆರು ಹಿಡಿ. ಮುಂಭಾಗದ ಎಡ ಹಿಡಿ ಫೆರ್ಮೀನನದೆಂದು ಪೆರ್ಪೆತುವಾ ಹೇಳಿದ್ದಳು.

ಕಸಿಲ್ದಾ ಎರಡು ತಟ್ಟೆಗಳನ್ನು ಕಟ್ಟೆಯ ಮೇಲಿಟ್ಟಳು. ಒಂದರಲ್ಲಿ ಬೆಣ್ಣೆಯಂತೆ ಹಳದಿ ಕೊಬ್ಬು, ಇನ್ನೊಂದರಲ್ಲಿ ಬಿಳಿ ಕೊಬ್ಬು.

"ಹಳದಿಯದನ್ನ ಇವತ್ತು ಬೆಳಿಗ್ಗೆ ಪಕ್ಕದೂರಿನ ದನಗಾಹಿಯ ಮನೆಯಿಂದ ತಂದೆ. ಬಯಲಲ್ಲಿ ಹಸಿರು ಹುಲ್ಲು ತಿಂದ ದನದ್ದು. ಹುಲ್ಲಿನ ಬಣ್ಣ ಕೊಬ್ಬಿಗೆ ಇಳಿಯುತ್ತೆ. ಬಿಳಿಯದು ಕೊಟ್ಟಿಗೆಯಲ್ಲಿ ಜೋಳ ತಿಂದದ್ದು. ಅದು ಲಿಯಾಂದ್ರೋನ ಮುಷ್ಟಿಯಲ್ಲಿತ್ತು. ಒಳಗೆ ಕೊಕ್ಕೆಗಳಲ್ಲಿ ತೂಗ್ತಿರೋದೆಲ್ಲ ಅದೇ ಬಣ್ಣ."

ಅಂಗಡಿಯಲ್ಲಿ ಗುಸುಗುಸು ಎದ್ದಿತು. "ಸಾಧ್ಯವೇ ಇಲ್ಲ!" ಎಂದು ಯಾರೋ ಅಂದರು. ಹಸಿಂತೋ ಬೋರ್ಡಿನ ಕಡೆ ನೋಡಿ ಕಣ್ಣು ಕೆಳಗಿಳಿಸಿದ. ಪ್ರತಿ ಭಾನುವಾರ ಆ ಮಾಂಸ ಬಾಯಿಗಿಟ್ಟು, 'ಹುಲ್ಲಿನ ಪರಿಮಳ ನೋಡು!' ಎಂದು ಅಳಿಯನಿಗೆ ಪಾಠ ಹೇಳುತ್ತಿದ್ದವನು ಅವನು.

"ಬೋರ್ಡು ಓದಿ ತಿಂದ್ವಿ, ನಾನೂ ಸೇರಿ," ಎಂದಳು ಕಸಿಲ್ದಾ. "ಪೆರ್ಪೆತುವಾಳಿಗೆ ಬಿಳುಪು ಅಂದ್ರೆ ಶುಭ್ರ ಅನ್ನಿಸ್ತು. ವಾಷಿಂಗ್ಟನ್ ಬೇರೆ ಬಣ್ಣದ ಕೊಬ್ಬು ನೋಡೇ ಇರಲಿಲ್ಲ. ಲಿಯಾಂದ್ರೋನ ಕಣ್ಣಿಗೆ ಬಿಳಿಯ ಏಪ್ರನ್ನೇ ಹಳದಿಯಾಗಿ ಕಾಣ್ತಿತ್ತು; ಬಿಳಿ ಕೊಬ್ಬೂ ಹಾಗೇ ಕಂಡಿತು. ಶುಕ್ರವಾರ ಹೊಸ ಕಣ್ಣಲ್ಲಿ ತನ್ನ ಅಂಗಡಿ ನೋಡಿದ. ಎದೆ ಒಡೆದುಹೋಯ್ತು. ಝುನೀನೋನ ಕ್ಷಮೆ ಕೇಳಿದ. ಅಂಗಡಿ ಮುಚ್ಚಿದ. ಕಣ್ಣಿದ್ದೂ ಹೇಳಲಿಲ್ಲ ಅಂತ ಆಳಿಗೆ ಬೈದ. ಆಮೇಲೆ ಆ ದನ ಕಳಿಸಿದವನನ್ನ ಕರೆಸಿದ."

"ಕಸಾಯಿಖಾನೆಯಲ್ಲಿ ಬದಲಾಯಿಸಿರಬಹುದಲ್ಲ!" ಗದೆಯಾ ಅಡ್ಡ ಬಾಯಿ ಹಾಕಿದ.

"ನಾನೂ ಹಾಗೇ ಅಂದ್ಕೊಂಡು ಹುಲ್ಲುಗಾವಲಿಗೆ ಹೋದೆ. ವಾರವಾರ ಊರಿಗೆ ಮಾಂಸ ಕೊಡುವಷ್ಟು ದನ ಮೇಯೋ ಜಾಗದಲ್ಲಿ ಹುಲ್ಲು ಸೊಂಟದೆತ್ತರ ಬೆಳೆಯುತ್ತಾ? ಅಲ್ಲಿ ತಿನ್ನೋರೇ ಇಲ್ಲ. ತೊಟ್ಟಿಯಲ್ಲಿ ಕುಡಿಯೋರಿಲ್ಲ. ರಸ್ತೆಗೆ ಕಾಣೋ ಹಾಗೆ ನಾಲ್ಕು ದನ ನಿಲ್ಲಿಸಿದೆ, ಅಷ್ಟೇ. ಕುದುರೆ ಮೇಲೆ ಯಾರೂ ಹತ್ತಿಲ್ಲ. ಅದರ ಮಂಡಿಗೆ ಯಾವ ಕಾಯಿಲೆಯೂ ಇಲ್ಲ. ಹಾಗಿದ್ರೆ ಎರಡು ವರ್ಷದ ಮುಲಾಮು ಯಾರ ಮಂಡಿಗೆ ಹೋಯ್ತು?"

ಹಸಿಂತೋನ ಹೆಗಲಲ್ಲಿ ನಿನ್ನೆಯ ನೋವು ಮತ್ತೆ ಚಳುಕು ಹೊಡೆಯಿತು. ಬೇಡ, ದೇವರೇ, ಬೇಡ, ಎಂದುಕೊಂಡ.

"ಫೆರ್ಮೀನ್," ಕಸಿಲ್ದಾಳ ದನಿ ತಗ್ಗಿತು. "ನಿನ್ನ ಗೆಳೆಯನ ಪೆಟ್ಟಿಗೆ ಹೊರಡೋ ಹೊತ್ತಾಯ್ತು. ಬಂದು ನಿನ್ನ ಹಿಡಿ ಹಿಡ್ಕೋ."

ಫೆರ್ಮೀನ್ ಕದಲಲಿಲ್ಲ. "ನನ್ನ ಕೈಲಾಗಲ್ಲ ದೋನ್ಯಾ. ದುಃಖ..."

"ಹಾಗಾದ್ರೆ ಎತ್ತಬೇಡ. ನಡ್ಕೊಂಡು ಬಂದು ಕೊನೇ ಸಲ ಮುಖ ನೋಡ್ಕೋ. ಹಸಿಂತೋ, ನೀನು ಅಲ್ಲೇ ಇರು, ಹೆಗಲು ಕೊಡಬೇಡ."

ಪೆರ್ಪೆತುವಾ ಕೈ ಚಾಚಿ, "ಬಾ ಫೆರ್ಮೀನ್," ಎಂದಳು. ಅದಕ್ಕೆ ಇಲ್ಲವೆನ್ನಲು ಅವನಿಂದಾಗಲಿಲ್ಲ. ಎದ್ದ. ಒಂದು ಕಾಲು ಮುಂದಿಟ್ಟ. ಇನ್ನೊಂದು ಕಾಲು ಹೊಟ್ಟನ್ನು ಸೀಳುತ್ತ, ಉದ್ದನೆ ಗೀರೆಳೆಯುತ್ತ ಹಿಂದೆ ಬಂತು. ಮೂರನೆಯ ಹೆಜ್ಜೆಗೆ ಅವನೇ ತಿರುಗಿ ನೆಲ ನೋಡಿದ. ಅಂಗಡಿಯಲ್ಲಿದ್ದವರೆಲ್ಲ ನೋಡಿದರು.

"ಕುದುರೆಯಿಂದ ಬಿದ್ದೆ," ಎಂದ ಫೆರ್ಮೀನ್. ಆ ದನಿ ಹಸಿಂತೋ ಎಂದೂ ಕೇಳದ ದನಿ. "ಸೊಂಟಾನೂ ಮಂಡೀನೂ ಹೋಯ್ತು. ಗೊರೋಸ್ತಿ ಮನೆತನದವನು ಕುದುರೆ ಹತ್ತಲಾರ ಅಂತ ಹೇಗೆ ಹೇಳಲಿ? ಹತ್ತದೆ ದನ ಕಾಯೋದು ಹೇಗೆ? ಮಂದೆ ಮಾರಿದೆ. ದಲ್ಲಾಳಿಯಿಂದ ಕೊಬ್ಬಿಸಿದ ದನ ಕೊಂಡು ನನ್ನ ಹೆಸರಲ್ಲಿ ಕಳಿಸಿದೆ. ಒಂದು ತಿಂಗಳು ಅಂದ್ಕೊಂಡೆ. ಲಿಯಾಂದ್ರೋ ಚೆನ್ನಾಗಿದೆ ಅಂದ. ಊರೂ ಚೆನ್ನಾಗಿದೆ ಅಂತು. ಶನಿವಾರ ಆ ಕೊಬ್ಬು ಕೊಯ್ದು ನನ್ನ ಮೂಗಿಗೆ ಹಿಡಿದ. 'ನಾಳೆ ಪೂಜೆ ಮುಗಿದ ಮೇಲೆ ಎಲ್ಲರ ಮುಂದೆ ಹೇಳ್ತೀನಿ, ನೀನೂ ಪಕ್ಕದಲ್ಲಿ ನಿಲ್ಲು' ಅಂದು ಬೆನ್ನು ತಿರುಗಿಸಿದ. ಸಲಾಕೆ ಕೈಗೆ ಹೇಗೆ ಬಂತೋ ಗೊತ್ತಿಲ್ಲ."

"ಬಾಗಿಲಿಗೆ ಗೂಟ ಯಾಕೆ ಹಾಕಿದೆ?" ಎಂದಳು ಕಸಿಲ್ದಾ.

"ಸತ್ತುಹೋಗಿದ್ದ. ಬಾಗಿಲು ತೆರೆದಿಟ್ರೆ..." ಅವನು ತಡವರಿಸಿದ. "ಬಾಗಿಲು ತೆರೆದಿಟ್ರೆ ಮಾಂಸ ಕೆಡುತ್ತಲ್ಲ."

ಆ ಮಾತು ಆಡಿದವನಿಗೆ ತಾನೇನು ಆಡಿದೆನೆಂದು ತಿಳಿಯಲು ಒಂದು ಗಳಿಗೆ ಹಿಡಿಯಿತು.

"ಅವನು ಸತ್ತಿರಲಿಲ್ಲ ಫೆರ್ಮೀನ್," ಎಂದಳು ಕಸಿಲ್ದಾ. "ಮೂರ್ಛೆ ಹೋಗಿದ್ದ. ಪೆಟ್ಟಿನಿಂದ ಸಾಯ್ತಿರಲಿಲ್ಲ ಅಂದ್ರು ವೈದ್ಯರು. ಬೆಳಗಿನೊಳಗೆ ಚಳಿ ಕೊಂದಿತು."

ಫೆರ್ಮೀನ್ ಇದ್ದಲ್ಲೇ ಕುಸಿದ. ಯಾರೂ ಅವನನ್ನು ಎತ್ತಲು ಹೋಗಲಿಲ್ಲ. ಚಾಚಿದ್ದ ಪೆರ್ಪೆತುವಾಳ ಕೈ ಹಾಗೇ ಗಾಳಿಯಲ್ಲಿತ್ತು. ಅವಳು ಅದನ್ನು ಬೇರೆ ಯಾರದೋ ಕೈಯೆಂಬಂತೆ ನೋಡಿ ಮೆಲ್ಲಗೆ ಕೆಳಗಿಳಿಸಿದಳು. ಗದೆಯಾ ವಾಷಿಂಗ್ಟನನ ಕೋಳ ಬಿಚ್ಚಿ, ಅದೇ ಕೋಳ ಹಿಡಿದು ಫೆರ್ಮೀನನ ಬಳಿ ಮಂಡಿಯೂರಿದ. ಜೀಪಿನವರೆಗೆ ಅವನನ್ನು ಇಬ್ಬರು ಪೊಲೀಸರು ಎರಡೂ ಕಡೆ ಹಿಡಿದು ನಡೆಸಬೇಕಾಯಿತು.

ಶವಯಾತ್ರೆಗೆಂದು ಬಂದಿದ್ದ ಪಾದ್ರಿ ಸನ್ನೆ ಮಾಡಿದರು. ಹೊರುವವರು ಬಂದು ಪೆಟ್ಟಿಗೆಯ ಎರಡೂ ಬದಿಗೆ ನಿಂತರು. ಮುಂಭಾಗದ ಬಲ ಹಿಡಿ ಹಸಿಂತೋನದು. ಅವನೆದುರಿನ ಹಿಡಿ ಖಾಲಿ ಇತ್ತು. ವಾಷಿಂಗ್ಟನ್ ಮುಂದೆ ಬಂದ. ಕೋಳ ತರಚಿದ ಅವನ ಮಣಿಕಟ್ಟು ಊದಿದ್ದನ್ನು ಕಂಡು ಕಸಿಲ್ದಾ ಅವನನ್ನು ಪಕ್ಕಕ್ಕೆ ಕೂರಿಸಿದಳು.

ಹೊಸ್ತಿಲಾಚೆ ಝುನೀನೋ ಟೋಪಿ ತೆಗೆದ. "ಅಮ್ಮಾ, ನಿಮ್ಮ ಅಭ್ಯಂತರ ಇಲ್ಲದಿದ್ರೆ..."

ಪೆರ್ಪೆತುವಾ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಹಸಿಂತೋನಿಗೆ ತಾನು ಅವನ ಬಗ್ಗೆ ಎರಡು ದಿನದಿಂದ ಆಡಿದ ಮಾತುಗಳೆಲ್ಲ ನೆನಪಾಗಿ ಕಿವಿ ಬಿಸಿಯಾಯಿತು.

"ಬಾ," ಎಂದಳು ಅವಳು. "ಜೋಪಾನ. ಹೊರಗೆ ಮೆಟ್ಟಿಲಿದೆ."

ಝುನೀನೋ ಟೋಪಿಯನ್ನು ಅಂಗಿಯೊಳಗೆ ತುರುಕಿಕೊಂಡು ಹಿಡಿಗೆ ಕೈ ಹಾಕಿದ. ಅವನು ಹಸಿಂತೋನಿಗಿಂತ ಒಂದು ಗೇಣು ಎತ್ತರ. ಎತ್ತಿದೊಡನೆ ಪೆಟ್ಟಿಗೆ ಓರೆಯಾಯಿತು. ಅವನು ಮಂಡಿ ಬಗ್ಗಿಸಿ ತನ್ನ ಬದಿ ತಗ್ಗಿಸಿಕೊಂಡ. ಸ್ಮಶಾನದವರೆಗೂ ಹಾಗೇ ಬಗ್ಗಿಕೊಂಡೇ ನಡೆದ.